ಮನೆಯ ಕಾಗದಪತ್ರಗಳಿಗೊಂದು ಬೀಗ

ಹಿಂದಿನವರ ಮನೆಗಳಲ್ಲಿ ಕ್ರಯಪತ್ರ, ಜಾತಕ, ಸಾಲದ ಪತ್ರ ಮೊದಲಾದುವು ಕಬ್ಬಿಣದ ಪೆಟ್ಟಿಗೆಯಲ್ಲಿರುತ್ತಿದ್ದುವು. ಅದರ ಬೀಗದ ಕೈ ಅಜ್ಜಿಯ ಸೆರಗಿನ ತುದಿಯಲ್ಲಿರುತ್ತಿತ್ತು. ಈಗ ಅವೆಲ್ಲವೂ ಹೆಬ್ಬೆರಳಿನಷ್ಟು ಪೆನ್ ಡ್ರೈವಿನಲ್ಲಿ ಅಡಗಿವೆ. ಪೆಟ್ಟಿಗೆಯು ಕಿರಿದಾದಾಗ ಬೀಗವೂ ಮಾಯವಾಯಿತೆಂಬುದನ್ನು ಮಾತ್ರ ನಾವು ಗಮನಿಸಲಿಲ್ಲ. ಕೆಲವು ತಿಂಗಳ ಹಿಂದೆ ಒಂದು ಕಾಗದವನ್ನು ಅಚ್ಚುಮಾಡಿಸಲು ಹೋಗಿ, ಜೆರಾಕ್ಸ್ ಅಂಗಡಿಯಲ್ಲಿಯೇ ನಮ್ಮ ಪೆನ್ ಡ್ರೈವನ್ನು ಮರೆತುಬಂದೆವು. ಮನೆಮಂದಿಯ ಆಧಾರ್ ಪ್ರತಿಗಳೂ ಬ್ಯಾಂಕಿನ ಪುಸ್ತಕದ ಪ್ರತಿಯೂ ಅದರಲ್ಲಿದ್ದುವು. ಮರುದಿನ ವಸ್ತುವು ದೊರೆಯಿತು. ಆದರೆ ಆ ರಾತ್ರಿ ಅದನ್ನು ಯಾರಾದರೂ ತೆರೆದರೋ ಇಲ್ಲವೋ ತಿಳಿಯುವ ಬಗೆಯಿಲ್ಲ. ಆದಕಾರಣ ಈ ಸಲ ಬೀಗವುಳ್ಳ ಪೆನ್ ಡ್ರೈವನ್ನು ಮನೆಯಲ್ಲಿಯೇ ರಚಿಸುವ ಬಗೆಯನ್ನು ವಾಚಕರ ಮುಂದಿಡುತ್ತೇವೆ.

ಇದಕ್ಕೆ ಬೇಕಾದುದು ಒಂದೇ ಫಲಕದ ಪುಟ್ಟ ಕಂಪ್ಯೂಟರ್. 2021ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜಿನ ರಾಸ್ಪ್‌ಬೆರಿ ಪೈ ಸಂಸ್ಥೆಯವರು 15 ಡಾಲರಿಗೆ ಹೊರತಂದ ‘ಜೀರೋ 2 ಡಬ್ಲ್ಯೂ’ ಎಂಬುದು ಈ ಕೆಲಸಕ್ಕೆ ತಕ್ಕುದಾಗಿದೆ. ಅದರ ಉದ್ದ 65 ಮಿಲಿಮೀಟರ್, ಅಗಲ 30 ಮಿಲಿಮೀಟರ್. ಕಡತಗಳು ಇರತಕ್ಕದ್ದು ಮೈಕ್ರೋ ಎಸ್‌ಡಿ ಕಾರ್ಡಿನಲ್ಲಿ. ಫಲಕಕ್ಕೆ ಎರಡು ಯುಎಸ್‌ಬಿ ಕಿಂಡಿಗಳಿವೆ. ಒಂದು ಕೇವಲ ವಿದ್ಯುತ್ತಿಗೆ. ಇನ್ನೊಂದಕ್ಕೇ ತಂತಿಯನ್ನು ಸೇರಿಸಬೇಕು. ಅದರಲ್ಲಿ ಕಡತಗಳೂ ವಿದ್ಯುತ್ತೂ ಎರಡೂ ಹರಿಯುತ್ತವೆ.

ಕಾರ್ಡಿನಲ್ಲಿ ರಾಸ್ಪ್‌ಬೆರಿ ಪೈ ಓಎಸ್ ಎಂಬ ಲಿನಕ್ಸ್ ವ್ಯವಸ್ಥೆಯನ್ನು ಸ್ಥಾಪಿಸಿ, ‘ಡಿಡಬ್ಲ್ಯೂಸಿ2’ ಎಂಬ ಚಾಲಕವನ್ನು ಅಣಿಗೊಳಿಸಬೇಕು. ಬಳಿಕ ಕಾರ್ಡಿನ ಒಂದು ಭಾಗವನ್ನು ಪ್ರತ್ಯೇಕಿಸಿ, ‘ಕ್ರಿಪ್ಟ್‌ಸೆಟಪ್’ ಎಂಬ ಸಲಕರಣೆಯಿಂದ ‘ಲಕ್ಸ್’ ಪದ್ಧತಿಯ ಗೂಢಲಿಪಿಯ ಪೆಟ್ಟಿಗೆಯನ್ನಾಗಿ ಮಾಡಬೇಕು. ಬಳಕೆಯ ಕ್ರಮವಿದು: ಫಲಕವನ್ನು ಕಂಪ್ಯೂಟರಿಗೆ ಸೇರಿಸುವುದು, ನಮ್ಮ ಮೊಬೈಲಿನಿಂದ ವೈಫೈ ಮೂಲಕ ಎಸ್‌ಎಸ್‌ಎಚ್ ಸಂಪರ್ಕ ಪಡೆದು ಗುಪ್ತವಾಕ್ಯವನ್ನು ಕೊಡುವುದು, ಪೆಟ್ಟಿಗೆ ತೆರೆದ ಮೇಲೆ ‘ಜಿ ಮಾಸ್ ಸ್ಟೋರೇಜ್’ ಎಂಬ ಘಟಕವನ್ನು ಎಬ್ಬಿಸುವುದು. ಆಗ ಆ ಕಂಪ್ಯೂಟರಿಗೆ ಇದು ಸಾಧಾರಣ ಪೆನ್ ಡ್ರೈವಿನಂತೆ ಕಾಣುವುದು. ಮೊದಲನೆಯ ಸಲ ಮಾತ್ರ ಅಲ್ಲಿಂದಲೇ ಫಾರ್ಮ್ಯಾಟ್ ಮಾಡಿಕೊಳ್ಳಬೇಕು. ತೆರೆಯುವ ಕೀಲಿಯು ಫಲಕದ ತಾತ್ಕಾಲಿಕ ಸ್ಮರಣೆಯಲ್ಲಿ ಮಾತ್ರವಿರುವುದರಿಂದ, ತಂತಿಯನ್ನು ಕಿತ್ತೊಡನೆ ಪೆಟ್ಟಿಗೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಮರೆತುಬಂದರೂ ಪರರಿಗೆ ಸಿಕ್ಕುವುದು ಅರ್ಥವಿಲ್ಲದ ಅಂಕಿಗಳ ರಾಶಿಯೇ.

ಕೆಲವು ಎಚ್ಚರಿಕೆಗಳುಂಟು. ಕೀಳುವ ಮೊದಲು ಕಂಪ್ಯೂಟರಿನಲ್ಲಿ ‘ಎಜೆಕ್ಟ್’ ಮಾಡದಿದ್ದರೆ ಕಡತಗಳು ಕೆಡಬಹುದು. ಪೆಟ್ಟಿಗೆಯೊಳಗಿನ ಕಡತಗಳನ್ನು ಫಲಕವೂ ಕಂಪ್ಯೂಟರೂ ಏಕಕಾಲದಲ್ಲಿ ತಿದ್ದಲಾಗದು. ಪೆಟ್ಟಿಗೆ ತೆರೆದಿರುವಷ್ಟು ಹೊತ್ತು ಎದುರಿನ ಕಂಪ್ಯೂಟರ್ ಎಲ್ಲವನ್ನೂ ಓದಬಲ್ಲುದು. ಆದುದರಿಂದ ಅಂಗಡಿಗೆ ಒಯ್ಯಬೇಕಾದ ಕಾಗದಕ್ಕೆ ಬೇರೊಂದು ಪುಟ್ಟ ಪೆಟ್ಟಿಗೆಯನ್ನು ಮಾಡಿ ಅದನ್ನಷ್ಟೇ ತೆರೆಯುವುದು ಲೇಸು. ಫಲಕದ ಲಿನಕ್ಸ್ ಭಾಗಕ್ಕೆ ಬೀಗವಿಲ್ಲವಾದುದರಿಂದ, ಪರರ ಕೈಯಲ್ಲಿ ಕೆಲಕಾಲವಿದ್ದು ಮರಳಿದ ಕಾರ್ಡಿಗೆ ಗುಪ್ತವಾಕ್ಯವನ್ನು ಮತ್ತೆ ಕೊಡಬಾರದು.

ಗುಪ್ತವಾಕ್ಯವು ಮಕ್ಕಳ ಹೆಸರಾಗಲಿ ಹುಟ್ಟಿದ ದಿನವಾಗಲಿ ಆಗಕೂಡದು. 1995ರಲ್ಲಿ ಆರ್ನಾಲ್ಡ್ ರೈನ್‌ಹೋಲ್ಡ್ ಎಂಬವರು ಸೂಚಿಸಿದ ‘ಡೈಸ್‌ವೇರ್’ ಕ್ರಮವು ಸುಲಭವಾದುದು. ಹಾವು ಏಣಿಯಾಟದ ದಾಳವನ್ನು ಐದು ಸಲ ಉರುಳಿಸಿದರೆ 7776 ಪದಗಳ ಪಟ್ಟಿಯಿಂದ ಒಂದು ಪದ ದೊರೆಯುತ್ತದೆ. ಹೀಗೆ ಆರು ಪದಗಳನ್ನು ಆರಿಸಿ ಕಂಠಪಾಠ ಮಾಡುವುದು.

ಇಷ್ಟೆಲ್ಲ ಹೇಳಿದ ಮೇಲೂ ಮುಖ್ಯವಾದ ಮಾತು ಉಳಿದಿದೆ. ಹಿಂದೆ ಬೀಗದ ಕೈ ಕಳೆದರೆ ಕಮ್ಮಾರನನ್ನು ಕರೆಸಿ ಪೆಟ್ಟಿಗೆಯನ್ನು ಒಡೆಸಬಹುದಾಗಿತ್ತು. ಈ ಬೀಗಕ್ಕೆ ಅಂತಹ ಕಮ್ಮಾರನಿಲ್ಲ. ಯಜಮಾನನೊಬ್ಬನೇ ಗುಪ್ತವಾಕ್ಯವನ್ನು ಬಲ್ಲವನಾಗಿ ಅಕಸ್ಮಾತ್ತಾಗಿ ಕಣ್ಣುಮುಚ್ಚಿದರೆ, ವಿಮೆಯ ಕಾಗದವನ್ನು ಹುಡುಕುವ ಹೆಂಡತಿಯೂ ಆ ಪೆಟ್ಟಿಗೆಗೆ ಕಳ್ಳಳಂತೆಯೇ. ಕಣ್ಣೀರಿಗೆ ಅದು ತೆರೆಯುವುದಿಲ್ಲ. ಲಕ್ಸ್ ಪದ್ಧತಿಯಲ್ಲಿ ಒಂದೇ ಪೆಟ್ಟಿಗೆಗೆ ಹಲವು ಗುಪ್ತವಾಕ್ಯಗಳನ್ನು ಇರಿಸಬಹುದು. ಆದುದರಿಂದ ಗಂಡನಿಗೊಂದು, ಹೆಂಡತಿಗೊಂದು ಇರಲಿ. ಮೂರನೆಯದನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಅರಗಿನ ಮುದ್ರೆಯೊತ್ತಿ, ಬ್ಯಾಂಕಿನ ಲಾಕರಿನಲ್ಲಿಡಿ. ಪೆಟ್ಟಿಗೆಯ ತಲೆಭಾಗವಾದ ‘ಹೆಡರ್’ ಕೆಟ್ಟರೆ ಸರಿಯಾದ ವಾಕ್ಯವೂ ವ್ಯರ್ಥ; ಅದರ ನಕಲನ್ನೂ ಕಡತಗಳ ಮತ್ತೊಂದು ಪ್ರತಿಯನ್ನೂ ಗೂಢಲಿಪಿಯಲ್ಲಿಯೇ ಬೇರೆಡೆ ಇರಿಸತಕ್ಕದ್ದು.

ನಾವು ಫಲಕವನ್ನು ಅಣಿಗೊಳಿಸಿದ್ದು ಒಂದು ಭಾನುವಾರದ ಮಧ್ಯಾಹ್ನದಲ್ಲಿ. ಮನೆಯಾಕೆ ತನ್ನ ಆರು ಪದಗಳನ್ನು ನೋಡದೆ ಹೇಳಿ, ತಾನೇ ಪೆಟ್ಟಿಗೆಯನ್ನು ತೆರೆದು, ಮುಚ್ಚಿ, ಮತ್ತೊಮ್ಮೆ ತೆರೆದ ಮೇಲೆಯೇ ಕೆಲಸವು ಮುಗಿಯಿತೆಂದು ತಿಳಿದೆವು. ವಾಚಕರೂ ಅಷ್ಟಾಗುವವರೆಗೆ ಹಳೆಯ ಪ್ರತಿಗಳನ್ನು ಅಳಿಸದಿರಲಿ.