ಹೊಳೆಯುವ ಮೆಟ್ಟಿಲು ಯಾರ ಸೊಂಟ ಮುರಿಯಲು?

ಮುಂಗಾರು ಶುರುವಾದ ಕೂಡಲೇ ನಮ್ಮ ಊರುಗಳ ಬ್ಯಾಂಕು, ತಾಲ್ಲೂಕು ಕಚೇರಿ, ಕಲ್ಯಾಣಮಂಟಪ, ನರ್ಸಿಂಗ್ ಹೋಮ್‌ಗಳ ಮುಂದೆ ಒಂದು ಕೆಲಸ ತಪ್ಪದೆ ನಡೆಯುತ್ತದೆ. ಸೆಕ್ಯುರಿಟಿಯವನು ಒಳಗಿನಿಂದ ಗೋಣಿಚೀಲವನ್ನೋ ಬಿಚ್ಚಿದ ರಟ್ಟಿನ ಪೆಟ್ಟಿಗೆಯನ್ನೋ ತಂದು ಮೆಟ್ಟಿಲ ಮೇಲೆ ಹಾಸುತ್ತಾನೆ. ಲಕ್ಷಗಟ್ಟಲೆ ಸುರಿದು ಹಾಕಿಸಿದ ಗ್ರಾನೈಟಿನ ಮೇಲೆ ರದ್ದಿಗೆ ಹೋಗಬೇಕಾದ ರಟ್ಟು! ಮಧ್ಯಾಹ್ನದ ಹೊತ್ತಿಗೆ ಅದು ನೆನೆದು ಮುದ್ದೆಯಾಗಿ ತಾನೇ ಜಾರತೊಡಗುತ್ತದೆ, ಆ ಮಾತು ಬೇರೆ. ಆದರೆ ಆ ಮೆಟ್ಟಿಲು ಜನರನ್ನು ಬೀಳಿಸುತ್ತದೆ ಎಂಬುದು ಸೆಕ್ಯುರಿಟಿಯವನಿಗೆ ಗೊತ್ತು. ನಕ್ಷೆ ಬರೆದವರಿಗೆ, ಎಸ್ಟಿಮೇಟ್ ಹಾಕಿದ ಎಂಜಿನಿಯರಿಗೆ, ಬಿಲ್ ಪಾಸು ಮಾಡಿದ ಅಧಿಕಾರಿಗೆ ಗೊತ್ತಿಲ್ಲವೆಂದರೆ ನಂಬುವುದು ಹೇಗೆ?

ಮಳೆ ಬೀಳುವ ಜಾಗದ ಮೆಟ್ಟಿಲಿಗೆ ಪಾಲಿಶ್ ಕಲ್ಲು ಹಾಕುವುದನ್ನು ಅವರವರ ರುಚಿಗೆ ಬಿಟ್ಟದ್ದು ಎಂದು ಇಷ್ಟು ದಿನ ಸಹಿಸಿಕೊಂಡದ್ದು ಸಾಕು. ಸಾರ್ವಜನಿಕರು ಹತ್ತಿ ಇಳಿಯುವ ಕಡೆಗಳಲ್ಲಿ ಅದನ್ನು ಬೈಲಾದಲ್ಲೇ ನಿಷೇಧಿಸಬೇಕು. ಈಗಾಗಲೇ ಹಾಕಿರುವ ಕಡೆ ಜಾರದ ಪಟ್ಟಿ ಕೂರಿಸುವ ಹೊಣೆ ಕಟ್ಟಡದ ಮಾಲೀಕನದು. ಹೀಗೆಂದ ಕೂಡಲೇ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನಲ್ಲೂ ದೇವಸ್ಥಾನದ ಸಮಿತಿಯಲ್ಲೂ ಒಂದೇ ರಾಗ ಕೇಳಿಬರುತ್ತದೆ: ‘ಎಲಿವೇಶನ್ ಲುಕ್ಕೇ ಹಾಳಾಗುತ್ತೆ ಸಾರ್, ಹಳದಿ ಪಟ್ಟಿ ಹೊಡೆಸಿದ್ರೆ ರೈಲ್ವೆ ಸ್ಟೇಷನ್ ಥರ ಕಾಣುತ್ತೆ.’ ಕಾಣಲಿ ಬಿಡಿ. ರೈಲ್ವೆ ಸ್ಟೇಷನ್ನಿನಲ್ಲಿ ಆ ಪಟ್ಟಿ ಇರುವುದಕ್ಕೊಂದು ಕಾರಣವಿದೆ.

ಇಲ್ಲಿ ಗ್ರಾನೈಟಿನ ತಪ್ಪೇನೂ ಇಲ್ಲ. ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು, ಸಾದರಹಳ್ಳಿಯ ಬೂದು ಕಲ್ಲು ಹುಟ್ಟುವ ನಾಡು ಇದು. ಕಲ್ಲಿನ ಮೇಲೆ ನಡೆಯುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1956ರಲ್ಲಿ ಕಟ್ಟಿ ಮುಗಿಸಿದ ವಿಧಾನಸೌಧದ ಎದುರಿನ ಭವ್ಯ ಮೆಟ್ಟಿಲುಗಳೂ ಗ್ರಾನೈಟೇ. ಆ ಕಟ್ಟಡದ ಗಾಂಭೀರ್ಯಕ್ಕೆ ಕನ್ನಡಿಯ ಹೊಳಪು ಬೇಕಾಗಲಿಲ್ಲ. ಹಂಪಿಯ ಪುಷ್ಕರಣಿಯಿಂದ ಮೇಲುಕೋಟೆಯ ಕಲ್ಯಾಣಿಯವರೆಗೆ ನಮ್ಮ ಹಳೆಯ ಕೆಲಸಗಾರರು ನೀರಿಗಿಳಿಯುವ ಮೆಟ್ಟಿಲಿಗೆ ಚಾಣದ ಏಟಿನ ಕಲ್ಲನ್ನೇ ಇಟ್ಟರು. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಬಂಡೆಯಲ್ಲೇ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಜನ ಬರಿಗಾಲಲ್ಲಿ ಹತ್ತುತ್ತಾರೆ. ಹಳತೆಲ್ಲ ಚಿನ್ನ ಎಂದು ನಾನೇನೂ ಹೇಳುತ್ತಿಲ್ಲ. ಕೋಟ್ಯಂತರ ಪಾದಗಳು ಸವೆಸಿದ ಕಲ್ಲು ನಡುವೆ ನುಣುಪಾಗುತ್ತದೆ, ಪಾಚಿ ಕಟ್ಟಿದರೆ ಅದೂ ಜಾರುತ್ತದೆ. ಆದರೆ ಅಲ್ಲಿ ನುಣುಪಾಗಲು ಶತಮಾನಗಳು ಹಿಡಿದವು. ನಾವು ದುಡ್ಡು ಕೊಟ್ಟು ಮೊದಲ ದಿನವೇ ಮಾಡಿಸಿಕೊಳ್ಳುತ್ತಿದ್ದೇವೆ.

ಒದ್ದೆ ಕಲ್ಲು ಜಾರುವುದೇಕೆ ಎಂಬುದರಲ್ಲಿ ರಹಸ್ಯವೇನಿಲ್ಲ. ಚಪ್ಪಲಿಯ ಅಟ್ಟೆಗೂ ಕಲ್ಲಿಗೂ ನಡುವೆ ನೀರಿನ ತೆಳು ಪೊರೆ ನಿಲ್ಲುತ್ತದೆ. ಮೇಲ್ಮೈ ತರಿಯಾಗಿದ್ದರೆ ಅದರ ಸಣ್ಣ ಸಣ್ಣ ಮೊನೆಗಳು ಆ ಪೊರೆಯನ್ನು ಸೀಳಿ ಅಟ್ಟೆಯನ್ನು ಕಚ್ಚಿ ಹಿಡಿಯುತ್ತವೆ. ಪಾಲಿಶ್ ಯಂತ್ರ ಮಾಡುವುದು ಆ ಮೊನೆಗಳನ್ನು ಅಳಿಸುವ ಕೆಲಸವನ್ನೇ. ಬ್ರಿಟನ್ನಿನಲ್ಲಿ ಇದನ್ನು ಅಳೆಯಲು ಲೋಲಕದ ಪರೀಕ್ಷೆಯಿದೆ. ತುದಿಗೆ ರಬ್ಬರ್ ತುಂಡು ಕಟ್ಟಿದ ತೋಳೊಂದು ಒದ್ದೆ ನೆಲವನ್ನು ಸವರಿಕೊಂಡು ಹೋಗುತ್ತದೆ; 36 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಜಾರುವ ಸಂಭವ ಕಡಿಮೆ, 25ಕ್ಕಿಂತ ಕೆಳಗಿಳಿದರೆ ಅಪಾಯ ಜಾಸ್ತಿ. ನಮ್ಮಲ್ಲಿ ಎಷ್ಟು ಟೆಂಡರುಗಳು ಇಂಥ ಯಾವುದಾದರೂ ಒಂದು ಅಂಕಿಯನ್ನು ಕೇಳುತ್ತವೆ? ಕಲ್ಲಿನ ದಪ್ಪ, ಬಣ್ಣ, ಹೊಳಪು, ಇಷ್ಟು ಬರೆದರೆ ಮುಗಿಯಿತು.

ಮೇಲಾಗಿ ನಮ್ಮವರಿಗೊಂದು ಹುಚ್ಚಿದೆ, ಮೋಲ್ಡಿಂಗ್. ಮೆಟ್ಟಿಲ ಮುಂದಿನ ಅಂಚನ್ನು ಹಾಫ್ ರೌಂಡ್, ಫುಲ್ ರೌಂಡ್ ಎಂದು ರನ್ನಿಂಗ್ ಫುಟ್ ಲೆಕ್ಕದಲ್ಲಿ ಕಾಸು ಕೊಟ್ಟು ಉರುಟು ಮಾಡಿಸಿ, ಅದಕ್ಕೂ ಪಾಲಿಶ್ ಹೊಡೆಸುತ್ತಾರೆ. ಮೆಟ್ಟಿಲಿನ ಅಪಘಾತಗಳಲ್ಲಿ ಹೆಚ್ಚಿನವು ಆಗುವುದು ಇಳಿಯುವಾಗ. ಇಳಿಯುವವರ ಮುಂಗಾಲು ಮೊದಲು ಊರುವುದು ಆ ಅಂಚಿನ ಮೇಲೆಯೇ. ಎಲ್ಲಿ ಹಿಡಿತ ಅತಿ ಹೆಚ್ಚು ಬೇಕೋ ಅಲ್ಲೇ ಅದನ್ನು ಉಜ್ಜಿ ತೆಗೆಸುವುದಕ್ಕೆ ಪ್ರತ್ಯೇಕ ಕೂಲಿ! ಯಾವುದಾದರೂ ನರ್ಸಿಂಗ್ ಹೋಮಿನ ಎದುರು ಸ್ವಲ್ಪ ಹೊತ್ತು ನಿಂತು ನೋಡಿ. ವಯಸ್ಸಾದವರು ಯಾರೂ ನೇರ ಇಳಿಯುವುದಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಕೈಗೆತ್ತಿಕೊಂಡು, ಗೋಡೆಗೆ ಅಂಗೈ ಒತ್ತಿ, ಅಡ್ಡಡ್ಡ ತಿರುಗಿ ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಟ್ಟು ಇಳಿಯುತ್ತಾರೆ. ಎಕ್ಸ್‌ರೇ ಕವರು ಬಾಯಲ್ಲಿ.

ಟೈಲ್ಸ್ ಅಂಗಡಿಯ ಕತೆ ಇನ್ನೊಂದು ಬಗೆ. ‘ಆ್ಯಂಟಿ-ಸ್ಕಿಡ್’ ಎಂದು ಕೊಡುವ ಎಷ್ಟೋ ಟೈಲುಗಳ ಡಬ್ಬದ ಮೇಲೆ ಆರ್9 ಎಂದಿರುತ್ತದೆ. ಇದು ಜರ್ಮನಿಯ ಮಾನದಂಡ. ಎಣ್ಣೆ ಬಳಿದ ಇಳಿಜಾರಿನ ಮೇಲೆ ಬೂಟು ತೊಟ್ಟವರನ್ನು ನಡೆಸಿ, ಇಳಿಜಾರನ್ನು ಮೆಲ್ಲಗೆ ಎತ್ತುತ್ತ ಹೋಗಿ, ಯಾವ ಕೋನದಲ್ಲಿ ಕಾಲು ನಿಲ್ಲದಾಯಿತು ಎಂದು ನೋಡುವ ಪರೀಕ್ಷೆ. ಶ್ರೇಣಿ ಶುರುವಾಗುವುದೇ ಆರ್9ರಿಂದ, ಅಂದರೆ 6ರಿಂದ 10 ಡಿಗ್ರಿ, ಕೊನೆಯದು ಆರ್13. ಪಟ್ಟಿಯ ತೀರಾ ಕೆಳಗಿರುವುದನ್ನು ಮಳೆಗೆ ಒಡ್ಡಿಕೊಂಡ ಮೆಟ್ಟಿಲಿಗೆ ‘ಜಾರೋದೇ ಇಲ್ಲ’ ಎಂದು ಮಾರುವುದು ಗಿರಾಕಿಯ ಕಣ್ಣಿಗೆ ಮಣ್ಣೆರಚುವ ವ್ಯಾಪಾರ. ಹೊರಮೆಟ್ಟಿಲಿಗೆ ಕನಿಷ್ಠ ಆರ್11 ಕೇಳಿ ಪಡೆಯಿರಿ.

ಹೊಸದಾಗಿ ಕಟ್ಟುವವರಿಗೆ ದಾರಿ ಸುಲಭ, ಫ್ಲೇಮ್ ಫಿನಿಶ್ ಕಲ್ಲು. ಗ್ರಾನೈಟ್ ಮೇಲೆ ಗ್ಯಾಸಿನ ಜ್ವಾಲೆ ಹಾಯಿಸಿದರೆ ಕಲ್ಲಿನೊಳಗಿನ ಬೆಣಚು ಹಿಗ್ಗಿ ಮೇಲ್ಪದರ ಚಟಪಟನೆ ಸಿಡಿದು ತರಿತರಿಯಾಗುತ್ತದೆ. ಸುತ್ತಿಗೆ ಏಟಿನ ಕಲ್ಲೂ ಆದೀತು. ತಲೆನೋವಿರುವುದು ಈಗಾಗಲೇ ಹೊಳೆಯುತ್ತಿರುವ ಸಾವಿರಾರು ಮೆಟ್ಟಿಲುಗಳದ್ದು. ಅಲ್ಲಿ ಎಲ್ಲರೂ ಮೊದಲು ಮಾಡಿಸುವುದು ಕಟರ್ ಮೆಷಿನ್ನಿನಿಂದ ಅಂಚಿಗೆ ಮೂರು ಗೀರು ಹೊಡೆಸುವ ಉಪಾಯ. ಗೀರಿನ ನಡುನಡುವೆ ಅದೇ ಪಾಲಿಶ್ ಉಳಿದಿರುತ್ತದೆ, ಗೀರಿನೊಳಗೆ ಧೂಳು ಕೂತು ಮಳೆಗೆ ಕೆಸರಾಗುತ್ತದೆ. ಏನೂ ಇಲ್ಲದ್ದಕ್ಕಿಂತ ವಾಸಿ, ಅಷ್ಟೇ. ಎರಡನೆಯದು ತರಿಯ ಟೇಪು. ಒಳ್ಳೆಯ ವಸ್ತುವೇ, ಅಲ್ಯೂಮಿನಿಯಂ ಆಕ್ಸೈಡಿನ ಹರಳು ಕೂರಿಸಿರುತ್ತಾರೆ, ಹಿಡಿತ ಚೆನ್ನಾಗಿರುತ್ತದೆ. ಆದರೆ ಅದನ್ನು ಅಂಟಿಸುವ ರೀತಿ ನೋಡಬೇಕು! ಫಿನಾಯಿಲ್ ಹಾಕಿ ಒರೆಸಿದ ಜಿಡ್ಡು ಕಲ್ಲಿನ ಮೇಲೆ, ಅದೂ ತೇವ ಆರುವ ಮೊದಲೇ, ಉದ್ಘಾಟನೆಯ ಹಿಂದಿನ ಸಂಜೆ ಪರಪರನೆ ಹರಿದು ಅಂಟಿಸುತ್ತಾರೆ. ಎರಡು ಮಳೆಗೆ ಮೂಲೆ ಏಳುತ್ತದೆ. ಎದ್ದ ಮೂಲೆಗೆ ಚಪ್ಪಲಿ ಸಿಕ್ಕಿ ಯಾರಾದರೂ ಎಡವಿದರೆ, ‘ನೋಡಿ, ಪಟ್ಟಿ ಹಾಕಿದ್ದೇ ಅಪಾಯ’ ಎನ್ನುತ್ತಾರೆ. ಜಿಡ್ಡು ತೊಳೆದು, ಬಿಸಿಲಿಗೆ ಪೂರ್ತಿ ಒಣಗಿಸಿ, ಅಂಚಿನಿಂದ ಅರ್ಧ ಇಂಚು ಒಳಗೆ, ಮೂಲೆಗಳನ್ನು ಉರುಟಾಗಿ ಕತ್ತರಿಸಿ, ರೋಲರಿನಿಂದ ಒತ್ತಿ ಅಂಟಿಸಿದರೆ ಅದು ಬಾಳುತ್ತದೆ. ಬಾಳಿದರೂ ಶಾಶ್ವತವಲ್ಲ, ಸವೆದಾಗ ಬದಲಿಸಬೇಕು. ಜನ ದಂಡಿಯಾಗಿ ಓಡಾಡುವ ಕಡೆ ಟೇಪಿನ ಸಹವಾಸವೇ ಬೇಡ. ಹರಳು ತುಂಬಿದ ಅಲ್ಯೂಮಿನಿಯಂ ಅಂಚುಪಟ್ಟಿಯನ್ನೋ, ಫೈಬರಿನ ತರಿ ಹೊದಿಕೆಯನ್ನೋ ಡ್ರಿಲ್ ಹಾಕಿ ಸ್ಕ್ರೂ ಬಿಗಿಯಬೇಕು. ಸ್ಕೈವಾಕ್‌ಗಳಿಗೆ ಹಾಕುವ ಚೆಕ್ಕರ್ ಪ್ಲೇಟ್ ಕೂಡ ಕಾಲು ಹೆಚ್ಚು ಬೀಳುವಲ್ಲಿ ಸವೆದು ನುಣ್ಣಗಾಗುತ್ತದೆ ಎಂಬುದನ್ನು ನಗರಪಾಲಿಕೆಗಳು ಮರೆತಂತಿವೆ. ಇನ್ನು ಆ ಹಸಿರು ಪ್ಲಾಸ್ಟಿಕ್ ಹುಲ್ಲಿನ ಹಾಸು. ಅದರ ಬಗ್ಗೆ ಮಾತಾಡದಿರುವುದೇ ಮೇಲು.

ನಿಯಮ ಇಲ್ಲವೇ? ಇದೆ. ಸಾರ್ವಜನಿಕ ಕಟ್ಟಡದ ಮೆಟ್ಟಿಲು ಕನಿಷ್ಠ 300 ಮಿಲಿಮೀಟರ್ ಅಗಲವಿರಬೇಕು, ಜಾರದಂತೆ ಕಟ್ಟಿ ಹಾಗೆಯೇ ಕಾಪಾಡಿಕೊಳ್ಳಬೇಕು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಕೇಂದ್ರ ಸರ್ಕಾರದ 2021ರ ಸಾರ್ವತ್ರಿಕ ಪ್ರವೇಶದ ಮಾರ್ಗಸೂಚಿಯೂ ಮೆಟ್ಟಿಲಿನ ಅಂಚು ಬೇರೆ ಬಣ್ಣದ ಪಟ್ಟಿಯಿಂದ ಎದ್ದು ಕಾಣಬೇಕೆನ್ನುತ್ತದೆ. ಕಣ್ಣು ಮಂಜಾದವರಿಗೆ ಹೊಳೆಯುವ ಕಪ್ಪು ಕಲ್ಲಿನಲ್ಲಿ ಒಂದು ಮೆಟ್ಟಿಲು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆಂಬುದೇ ತಿಳಿಯುವುದಿಲ್ಲವಲ್ಲ. ಆದರೆ ಸಂಹಿತೆ ಶಿಫಾರಸು ಮಾತ್ರ. ಸ್ಥಳೀಯ ಬೈಲಾ ಅದನ್ನು ಒಳಗೆ ಸೇರಿಸಿಕೊಂಡರಷ್ಟೇ ಹಲ್ಲು. ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಹೇಳಿದ್ದು ಇದನ್ನೇ. ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಮಾಡಿದ 15ನೇ ನಿಯಮ ಎಲ್ಲವನ್ನೂ ಬರೀ ಮಾರ್ಗಸೂಚಿಯ ಮಟ್ಟದಲ್ಲಿ ಇಟ್ಟಿದೆ, ಅದು ಮೂಲ ಕಾಯ್ದೆಗೇ ವಿರುದ್ಧ ಎಂದ ನ್ಯಾಯಾಲಯ, ಮೂರು ತಿಂಗಳಲ್ಲಿ ಕಡ್ಡಾಯ ನಿಯಮ ರೂಪಿಸಿ ಎಂದು ಕೇಂದ್ರಕ್ಕೆ ಸೂಚಿಸಿತು. ದೆಹಲಿಯ ದಾರಿ ಕಾಯದೆ ನಮ್ಮ ರಾಜ್ಯವೇ ತನ್ನ ಬೈಲಾ ತಿದ್ದಿಕೊಳ್ಳಬಹುದಲ್ಲ.

‘ನೋಡಿಕೊಂಡು ನಡೀಬೇಕಪ್ಪ’ ಎಂಬ ಉಪದೇಶ ಕೇಳಿ ಕೇಳಿ ಸಾಕಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ಅವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ನಮ್ಮಂಥ ಬಡ ಮತ್ತು ಮಧ್ಯಮ ಆದಾಯದ ದೇಶದವರು. ಇವರೆಲ್ಲ ಮೆಟ್ಟಿಲಿನಲ್ಲೇ ಬಿದ್ದವರಲ್ಲ ನಿಜ. ಇವರೆಲ್ಲ ಎಚ್ಚರಗೇಡಿಗಳೂ ಅಲ್ಲ. ಎಪ್ಪತ್ತು ದಾಟಿದವರ ತೊಡೆಯ ಮೂಳೆ ಮುರಿದರೆ ಆ ಮನೆಯ ಸ್ಥಿತಿ ಏನಾಗುತ್ತದೆಂದು ಗೊತ್ತಿದ್ದವರು ಈ ಉಪದೇಶ ಕೊಡುವುದಿಲ್ಲ. ತಮಾಷೆಯೆಂದರೆ, ಮೆಟ್ಟಿಲುಗಳ ಸಂಖ್ಯೆ ಬೆಸವಾಗಿರಬೇಕು ಎಂದು ವಾಸ್ತುವಿನವರನ್ನು ಕರೆಸಿ ಎಣಿಸುವ ನಾವು, ಅದರ ಮೇಲೆ ಕಾಲು ನಿಲ್ಲುತ್ತದೆಯೇ ಎಂದು ಯಾರನ್ನೂ ಕೇಳುವುದಿಲ್ಲ.

ಒಂದು ಆಕ್ಷೇಪವನ್ನು ಮಾತ್ರ ನಾನು ಗೌರವಿಸುತ್ತೇನೆ. ಸಂರಕ್ಷಿತ ಸ್ಮಾರಕಗಳ ಕಲ್ಲಿಗೆ ಡ್ರಿಲ್ ಹಾಕಬಾರದು, ಹಳದಿ ಟೇಪು ಮೆತ್ತಬಾರದು. ಒಪ್ಪಿದೆ. ಅಲ್ಲಿ ಪಾಚಿ ಕೆರೆಯುವುದು, ಕೈಹಿಡಿ, ಮಳೆಯ ದಿನ ಗಟ್ಟಿಯಾಗಿ ಬಿಗಿದ ತೆಂಗಿನ ನಾರಿನ ಹಾಸು, ಇಷ್ಟರಲ್ಲೇ ನಿಭಾಯಿಸಬೇಕು. ಆದರೆ ಮೊನ್ನೆ ಮೊನ್ನೆ ಜೀರ್ಣೋದ್ಧಾರದ ಹೆಸರಲ್ಲಿ ಒರಟು ಕಲ್ಲು ಕಿತ್ತು ಪಾಲಿಶ್ ಗ್ರಾನೈಟ್ ಹಾಕಿಸಿದ ದೇವಸ್ಥಾನಗಳೂ ‘ಪರಂಪರೆ’ಯ ಕೊಡೆ ಹಿಡಿದರೆ ಹೇಗೆ? ದೀಪದ ಎಣ್ಣೆ, ಒಡೆದ ಕಾಯಿಯ ನೀರು, ತೀರ್ಥ, ಸ್ನಾನ ಮಾಡಿ ಬಂದ ಒದ್ದೆ ಪಾದ ಎಲ್ಲ ಸೇರುವ ಜಾಗ ಅದು. ಅಲ್ಲಿ ಒರಟು ಹರಳಿನ ಟೇಪು ಬರಿಗಾಲಿಗೆ ಚುಚ್ಚುತ್ತದೆ ಎಂಬುದೂ ಖರೆ. ಅದಕ್ಕೆ ಹರಳಿಲ್ಲದ ಮೆತ್ತನೆಯ ತರಿಪಟ್ಟಿಗಳು ಸಿಗುತ್ತವೆ. ಇಲ್ಲವೇ ಅದೇ ಕಲ್ಲಿಗೆ ಸ್ಥಳದಲ್ಲೇ ಸುತ್ತಿಗೆ ಏಟು ಹಾಕಿಸಬಹುದು. ನಮ್ಮ ಕಲ್ಲುಕುಟಿಗರಿಗೆ ಆ ಕೆಲಸ ಮರೆತುಹೋಗಿಲ್ಲ.

ಬೆಂಗಳೂರಿನವರಿಗೆ ಪ್ರತ್ಯೇಕ ಮಾತು. ಕಾರು ಹತ್ತಿಸಲೆಂದು ಚರಂಡಿ ಮುಚ್ಚಿ, ಫುಟ್‌ಪಾತ್ ನುಂಗಿ, ಹೊಳೆಯುವ ಟೈಲು ಹಾಕಿಸಿದ ಮನೆ ಮುಂದಿನ ರ‍್ಯಾಂಪು, ಮೆಟ್ಟಿಲುಗಳಿಗೆ ಪಟ್ಟಿ ಅಂಟಿಸಿ ಎಂದು ನಾನು ಹೇಳುವುದಿಲ್ಲ. ಅವನ್ನು ಒಡೆಯಬೇಕು. ನಡೆಯುವವರ ಜಾಗವನ್ನೂ ಕಿತ್ತುಕೊಂಡು, ಅಲ್ಲೇ ಅವರನ್ನು ಜಾರಿಸಿಯೂ ಬೀಳಿಸುವ ಹಕ್ಕನ್ನು ಯಾವ ಖಾತೆ, ಯಾವ ಕ್ರಯಪತ್ರವೂ ಕೊಟ್ಟಿಲ್ಲ.

ಉಳಿದ ಕಟ್ಟಡಗಳಿಗೆ ಸರ್ಕಾರ ಮಾಡಬೇಕಾದ್ದು ದೊಡ್ಡ ಯೋಜನೆಯೇನಲ್ಲ. ವಾಸಯೋಗ್ಯ ಪ್ರಮಾಣಪತ್ರದ ತಪಾಸಣಾ ಪಟ್ಟಿಗೆ ಹೊರಮೆಟ್ಟಿಲಿನ ಹಿಡಿತವನ್ನೊಂದು ಷರತ್ತಾಗಿ ಸೇರಿಸಲಿ. ಲೋಕೋಪಯೋಗಿ ಇಲಾಖೆಯ ಎಸ್ಟಿಮೇಟುಗಳಲ್ಲಿ ಹೊರಮೆಟ್ಟಿಲಿಗೆ ಪಾಲಿಶ್ ಕಲ್ಲಿನ ಬಾಬ್ತು ಬಂದರೆ ತಾಂತ್ರಿಕ ಮಂಜೂರಾತಿಯಲ್ಲೇ ಹೊಡೆದುಹಾಕಲಿ. ಹಳೆಯ ಸರ್ಕಾರಿ ಕಟ್ಟಡಗಳಲ್ಲಿ ಮೊದಲು ಆಸ್ಪತ್ರೆ, ಆಮೇಲೆ ಶಾಲೆ, ಆಮೇಲೆ ವೃದ್ಧಾಪ್ಯ ವೇತನಕ್ಕೆ ಅಲೆಯುವವರು ಹತ್ತಿಳಿಯುವ ನಾಡಕಚೇರಿ, ತಾಲ್ಲೂಕು ಕಚೇರಿ; ಈ ಕ್ರಮದಲ್ಲಿ ಸ್ಕ್ರೂ ಬಿಗಿದ ಅಂಚುಪಟ್ಟಿ ಕೂರಿಸಿ, ಅದರ ನಿರ್ವಹಣೆಯನ್ನು ಬಣ್ಣ ಬಳಿಯುವ ವಾರ್ಷಿಕ ಲೆಕ್ಕದೊಳಗೇ ತರಲಿ. ಕೆಲಸ ಮುಗಿದ ಮೇಲೆ ಬಿಲ್ಲಿಗೆ ಸಹಿ ಹಾಕುವ ಎಂಜಿನಿಯರ್ ಆ ಮೆಟ್ಟಿಲಿಗೆ ಎರಡು ಬಿಂದಿಗೆ ನೀರು ಸುರಿಸಿ, ಸವೆದ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಮೇಲಿಂದ ಕೆಳಕ್ಕೆ ಒಮ್ಮೆ ಇಳಿಯಬೇಕು ಎಂಬ ಷರತ್ತನ್ನೂ ಸೇರಿಸಿದರೆ ನನ್ನದೇನೂ ಅಭ್ಯಂತರವಿಲ್ಲ.