ಮನೆಯ ಮಾತು: ಬೆಲೆಯ ಪೆಟ್ಟಿಗೆ, ಬರಿಯ ಗೋಡೆ

ಒಳ್ಳೆಯ ಬೀಜವನ್ನು ಬಂಡೆಯ ಮೇಲೆ ಚೆಲ್ಲಿ, ಮೊಳೆಯಲಿಲ್ಲವೆಂದು ಬೀಜವನ್ನೇ ಹಳಿಯುವ ರೈತನನ್ನು ನಾವು ಕಂಡಿಲ್ಲ. ಆದರೆ ಕೈತುಂಬ ಹಣ ತೆತ್ತು ತಂದ ಸ್ಪೀಕರುಗಳನ್ನು ಬರಿಗೋಡೆಯ ಮೂಲೆಗೆ ಒತ್ತರಿಸಿಟ್ಟು, ಅವು ಚೆನ್ನಾಗಿ ನುಡಿಯವೆಂದು ಹಳಿಯುವವರನ್ನು ಬೇಕಾದಷ್ಟು ಕಂಡಿದ್ದೇವೆ. ಅಂಥದೊಂದು ಸಂಗತಿಯನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದು ಬಗೆದಿದ್ದೇವೆ.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ, ರಾಮ್ ಅಂಡ್ ಕೋ ವೃತ್ತಕ್ಕೆ ಹತ್ತಿರವಾಗಿ, ನಮ್ಮ ಬಂಧುಗಳ ಮನೆಯೊಂದಿದೆ. ಆ ಮನೆಯ ಸೊಸೆ ಬೆಂಗಳೂರಿನ ಸಂಸ್ಥೆಯೊಂದರ ಲೆಕ್ಕಪತ್ರದ ಕೆಲಸವನ್ನು ಮನೆಯಲ್ಲಿಯೇ ಕುಳಿತು ಮಾಡುವವಳು. 2020ರ ಸಾಂಕ್ರಾಮಿಕದ ಕಾಲದಲ್ಲಿ ಹಿಂಬದಿಯ ಕೋಣೆಯೊಂದು ಅವಳ ಕಚೇರಿಯಾಯಿತು. ಆಮೇಲೂ ಹಾಗೆಯೇ ಉಳಿಯಿತು. ದಿನಕ್ಕೆ ಒಂಬತ್ತು ಗಂಟೆ ಒಂಟಿಯಾಗಿ ಕೂಡುವ ಕೋಣೆಯಲ್ಲಿ ಸಂಗೀತವಾದರೂ ಜೊತೆಗಿರಲೆಂದು, ಎರಡು ವರ್ಷ ಕೂಡಿಟ್ಟ ಹಣದಿಂದ ಅವಳು ಮೇಲ್ತರಗತಿಯ ಬುಕ್‌ಶೆಲ್ಫ್ ಸ್ಪೀಕರುಗಳ ಒಂದು ಜೊತೆಯನ್ನೂ ಅದಕ್ಕೆ ತಕ್ಕ ಆಂಪ್ಲಿಫೈಯರನ್ನೂ ತರಿಸಿದಳು. ಬೆಲೆ, ಅವಳ ಎರಡು ತಿಂಗಳ ಸಂಬಳ. ಅತ್ತೆಯವರು ಏನೂ ಆಡಲಿಲ್ಲ. ಆದರೆ ಆ ಮೌನದ ಅರ್ಥ ಮನೆಯವರೆಲ್ಲರಿಗೂ ತಿಳಿದಿತ್ತು.

ಮೊದಲ ಸಂಜೆ ಅವಳು ಅತ್ತೆಯವರನ್ನು ಕರೆದು ಕೂರಿಸಿ, ಅವರಿಗೆ ಪ್ರಿಯವಾದ ಮಲ್ಲಿಕಾರ್ಜುನ ಮನಸೂರರ ವಚನಗಾಯನವನ್ನು ಹಾಕಿದಳು. ಅತ್ತೆಯವರಿಗೆ ಕಿವಿ ಸ್ವಲ್ಪ ಮಂದ. ಎರಡು ನಿಮಿಷ ಕೇಳಿ, “ಬರೀ ಗುಂಯ್ ಅಂತೈತಿ ಕಣವ್ವ, ಒಂದ್ ಮಾತೂ ತಿಳಿಯಂಗಿಲ್ಲ,” ಎಂದು ಎದ್ದುಹೋದರು. ನಾವು ಆ ಮನೆಗೆ ಹೋದಾಗ ವಸ್ತುವನ್ನು ಹಿಂದಿರುಗಿಸುವ ಅವಧಿಗೆ ನಾಲ್ಕು ದಿನ ಉಳಿದಿತ್ತು. ಸೊಸೆ ಪೆಟ್ಟಿಗೆಗಳನ್ನು ಕಟ್ಟಿಡಲು ಹಗ್ಗ ಹುಡುಕುತ್ತಿದ್ದಳು.

ಮನೆಯೊಳಗೆ ನಾದವಿರಲೆಂಬ ಬಯಕೆಯನ್ನು ನಾವು ದುಂದುಗಾರಿಕೆಯೆಂದು ಎಣಿಸುವುದಿಲ್ಲ. 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರವನ್ನು ಆರಂಭಿಸಿದರು. ಇಂದು ದೇಶಕ್ಕೆಲ್ಲ ಪರಿಚಿತವಾದ ‘ಆಕಾಶವಾಣಿ’ಯೆಂಬ ಹೆಸರು ಆ ಮನೆಯ ನಿಲಯಕ್ಕೆ ಇದ್ದುದೇ ಆಗಿದೆ. ಆದುದರಿಂದ ನಮ್ಮ ನಾಡಿನಲ್ಲಿ ಮನೆಯ ಕೋಣೆಗೂ ನಾದಕ್ಕೂ ಉಂಟಾದ ನಂಟು ಹೊಸದೇನಲ್ಲ. ಆದರೆ ಆ ನಂಟು ಸರಿಬರಬೇಕಾದರೆ ಪೆಟ್ಟಿಗೆಯ ಗುಣವೊಂದೇ ಸಾಲದು. ಕೋಣೆಯೂ ಒಂದು ವಾದ್ಯವೆಂಬುದನ್ನು ಅರಿಯಬೇಕು. ತಂಬೂರಿಯ ತಂತಿ ಎಷ್ಟೇ ಉತ್ತಮವಾಗಿರಲಿ, ಬುರುಡೆ ಕೆಟ್ಟದ್ದಾದರೆ ಶ್ರುತಿ ನಿಲ್ಲುವುದುಂಟೆ?

ನಾವು ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದೆವು. ಟಿಣ್ಣೆಂಬ ಮರುದನಿಯೊಂದು ಗೋಡೆಯಿಂದ ಗೋಡೆಗೆ ಓಡಿತು. ನುಣ್ಣನೆಯ ಗಾರೆ, ಕಲ್ಲಿನ ನೆಲ, ಕಾಂಕ್ರೀಟಿನ ಸೂರು. ದನಿಯನ್ನು ಹೀರುವ ವಸ್ತುವೊಂದೂ ಅಲ್ಲಿರಲಿಲ್ಲ. ಸ್ಪೀಕರುಗಳಾದರೋ ಹೆಸರಿಗೆ ತಕ್ಕಂತೆ ಗೋಡೆಯ ಕಪಾಟಿನೊಳಗೆ, ಮೂಲೆಯಲ್ಲಿ, ಪುಸ್ತಕಗಳ ನಡುವೆ ಸಿಕ್ಕಿಕೊಂಡಿದ್ದವು. ಇಲ್ಲಿಯೇ ಅನೇಕರು ಮೋಸಹೋಗುವುದು. ಬುಕ್‌ಶೆಲ್ಫ್ ಸ್ಪೀಕರೆಂಬುದು ಅದರ ಗಾತ್ರಕ್ಕೆ ಬಂದ ಹೆಸರೇ ಹೊರತು, ಅದು ಇರಬೇಕಾದ ಸ್ಥಳದ ಹೆಸರಲ್ಲ. ಈ ಜೊತೆಗೆ ಬೆನ್ನಿನಲ್ಲಿ ಗಾಳಿಯಾಡುವ ರಂಧ್ರವಿತ್ತು. ಅದು ಗೋಡೆಗೆ ಮುತ್ತಿಟ್ಟಂತೆ ನಿಂತಿತ್ತು.

ಗೋಡೆಯ ಸಮೀಪದಲ್ಲಿ ಮಂದ್ರಸ್ವರಗಳು ಉಬ್ಬುತ್ತವೆ. ಮೂಲೆಯಲ್ಲಿ ಮತ್ತಷ್ಟು ಉಬ್ಬುತ್ತವೆ. ಕೋಣೆಯ ಅಳತೆಯೂ ಅದಕ್ಕೆ ಕೈಗೂಡಿಸುತ್ತದೆ. ಆ ಕೋಣೆಯ ಉದ್ದ ಹನ್ನೆರಡು ಅಡಿ. ಅಗಲವೂ ಎತ್ತರವೂ ಹತ್ತು ಹತ್ತು ಅಡಿ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರು. ಈ ಲೆಕ್ಕದಿಂದ ಹತ್ತು ಅಡಿಯ ಅಂತರವು ಸೆಕೆಂಡಿಗೆ ಸುಮಾರು 56 ಕಂಪನಗಳ ಸ್ವರವನ್ನು ಹಿಡಿದು ಉಬ್ಬಿಸುತ್ತದೆ. ಅಗಲ, ಎತ್ತರಗಳು ಸಮನಾದುದರಿಂದ ಎರಡೂ ಅದೇ ಸ್ವರಕ್ಕೆ ಬಲ ಕೊಡುತ್ತವೆ. ಇತ್ತ ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದು ತಾರದ ಸೂಕ್ಷ್ಮಗಳನ್ನು. ಸಕಾರ, ಶಕಾರ, ತಕಾರಗಳ ಸ್ಪಷ್ಟತೆಯೆಲ್ಲ ಅಲ್ಲಿಯೇ ಇರುವುದು. ಉಬ್ಬಿದ ಮಂದ್ರವು ಅದನ್ನೂ ಮುಚ್ಚಿಹಾಕಿದರೆ ಮಾತು ತಿಳಿಯುವುದೆಂತು? ಅತ್ತೆಯವರು ಹೇಳಿದುದು ಅಕ್ಷರಶಃ ನಿಜವಾಗಿತ್ತು.

“ಕಟ್ಟುವುದನ್ನು ನಾಳೆ ನೋಡೋಣ,” ಎಂದು ಸೊಸೆಗೆ ಹೇಳಿ ಕೆಲಸಕ್ಕೆ ತೊಡಗಿದೆವು. ಮೇಜನ್ನು ಮೂಲೆಯಿಂದ ಬಿಡಿಸಿ, ಹತ್ತು ಅಡಿಯ ಗೋಡೆಯ ಮುಂದೆ, ಅದಕ್ಕೆ ತಗಲದಂತೆ, ನಡುವಿಗೆ ಸರಿಯಾಗಿ ತಂದಿರಿಸಿದೆವು. ಬಡಗಿಯಿಂದ ಗಟ್ಟಿ ಮರದ ಎರಡು ಸ್ಟ್ಯಾಂಡುಗಳನ್ನು ಮಾಡಿಸಿ ಮೇಜಿನ ಹಿಂದೆ ನಿಲ್ಲಿಸಿದೆವು. ಸ್ಪೀಕರಿನ ಬೆನ್ನಿಗೂ ಗೋಡೆಗೂ ಒಂದು ಮೊಳ. ಪಕ್ಕದ ಗೋಡೆಗಳಿಗೆ ಮೂರು ಅಡಿ. ಎರಡು ಸ್ಪೀಕರುಗಳ ನಡುವೆ ಮೂರೂವರೆ ಅಡಿ. ಪ್ರತಿಯೊಂದರಿಂದ ಕೇಳುವವಳ ತಲೆಗೂ ಅಷ್ಟೇ ದೂರ. ತಾರಸ್ವರವನ್ನು ನುಡಿಸುವ ಚಿಕ್ಕ ಕಣ್ಣು ಕುಳಿತವಳ ಕಿವಿಯ ಮಟ್ಟಕ್ಕೆ ಬಂದಿತು. ಪೆಟ್ಟಿಗೆಯ ಅದುರು ಮರಕ್ಕೆ ಇಳಿಯದಂತೆ ಕೆಳಗೆ ರಬ್ಬರಿನ ತುಂಡುಗಳನ್ನಿಟ್ಟೆವು.

ಕುರ್ಚಿಯನ್ನು ಮೊದಲು ಕೋಣೆಯ ನಡುಮಧ್ಯಕ್ಕೆ ಇಟ್ಟಾಗ ಮಂದ್ರವೇ ಮಾಯವಾಯಿತು. ಒಂದು ಗೇಣು ಮುಂದಕ್ಕೆ ಸರಿಸಿದಾಗ ಹಿಂದಿರುಗಿತು. ತಂತಿಗಳನ್ನು ನೋಡಿದರೆ, ಒಂದು ಸ್ಪೀಕರಿನಲ್ಲಿ ಕೆಂಪು ಕಪ್ಪುಗಳು ಅದಲುಬದಲಾಗಿದ್ದವು. ಹೀಗಾದಾಗ ಎರಡು ಪರದೆಗಳೂ ಒಂದಕ್ಕೊಂದು ಎದುರಾಗಿ ಎಳೆದಾಡಿ, ಗಾಯಕನ ದನಿ ನಡುವೆ ನಿಲ್ಲದೆ ಚದುರಿಹೋಗುತ್ತದೆ. ಇದನ್ನು ಸರಿಪಡಿಸಲು ಒಂದು ಕಾಸೂ ಬೇಕಾಗಲಿಲ್ಲ.

ಇನ್ನುಳಿದುದು ಗೋಡೆಯ ಮರುದನಿ. ಸೊಸೆಯನ್ನು ಕುರ್ಚಿಯಲ್ಲಿ ಕೂರಿಸಿ, ಕನ್ನಡಿಯನ್ನು ಪಕ್ಕದ ಗೋಡೆಗೆ ಒತ್ತಿ ಸರಿಸುತ್ತ ಹೋದೆವು. ಅವಳಿಗೆ ಕನ್ನಡಿಯಲ್ಲಿ ಸ್ಪೀಕರಿನ ಮುಖ ಎಲ್ಲಿ ಕಂಡಿತೋ, ದನಿಯು ಪುಟಿದು ಕಿವಿಗೆ ಬರುವುದೂ ಅಲ್ಲಿಂದಲೇ. ಬಲಗಡೆ ಆ ಸ್ಥಳಕ್ಕೆ ಪುಸ್ತಕ ತುಂಬಿದ ಬಿಡಿ ಕಪಾಟನ್ನು ತಂದು ನಿಲ್ಲಿಸಿದೆವು. ಹೆಚ್ಚುಕಡಿಮೆಯಾದ ಪುಸ್ತಕದ ಸಾಲು ದನಿಯನ್ನು ಚೆದುರಿಸುತ್ತದೆ. ಎಡಗಡೆಗೆ ದಪ್ಪನೆಯ ಬಟ್ಟೆ ಬೇಕಾಗಿತ್ತು. ಅಷ್ಟರವರೆಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆಯವರು ಒಳಗೆ ಹೋಗಿ, ತಾವು ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿಯೊಂದನ್ನು ತಂದು, “ಇದು ಆಗ್ತೈತೇನಪ್ಪ?” ಎಂದರು. ಅದಕ್ಕಿಂತ ಉತ್ತಮವಾದುದು ಅಂಗಡಿಯಲ್ಲಿ ದೊರೆಯುವಂತಿರಲಿಲ್ಲ. ನೆಲಕ್ಕೊಂದು ಜಮಖಾನ ಹಾಸಿದೆವು.

ಬಟ್ಟೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಬಟ್ಟೆ ಹೀರುವುದು ತಾರವನ್ನು; ಮಂದ್ರಕ್ಕೆ ಸ್ಥಾನಪಲ್ಲಟವೇ ಮುಖ್ಯ ಮದ್ದು. ಲಂಡನ್ನಿನಲ್ಲಿ ಬಿ.ಬಿ.ಸಿ.ಯವರು 1923ರಲ್ಲಿ ಸೆವಾಯ್ ಹಿಲ್ಲಿಗೆ ಬಂದಾಗ ಸ್ಟುಡಿಯೋದ ಗೋಡೆಗಳಿಗೆಲ್ಲ ದಪ್ಪ ಪರದೆಗಳನ್ನು ಇಳಿಬಿಟ್ಟಿದ್ದರು. ಸಂಗೀತವು ಸತ್ತಂತೆ ಕೇಳಿಸಿದುದರಿಂದ ಮುಂದೆ ಕಡಿಮೆ ಮಾಡಬೇಕಾಯಿತು. ಮರುದನಿ ತಗ್ಗಬೇಕೇ ಹೊರತು ಅಳಿಯಬಾರದು.

ಸಂಜೆ ಮಂಡಕ್ಕಿ, ಮೆಣಸಿನಕಾಯಿಗಳಾದ ಮೇಲೆ ಸೊಸೆ ಅದೇ ವಚನವನ್ನು ಹಾಕಿದಳು, ಮೊದಲಿಗಿಂತ ಮೆಲ್ಲಗೆ. ಅತ್ತೆಯವರು ಅವಳ ಕುರ್ಚಿಯಲ್ಲಿ ಕುಳಿತರು. ಎರಡನೆಯ ಸಾಲಿಗೆ ಅವರ ತುಟಿ ಗಾಯಕರೊಡನೆ ಅಲುಗತೊಡಗಿತು. ಮುಗಿದ ಮೇಲೆ, “ಇನ್ನೊಂದ್ ಸಲ ಹಾಕವ್ವ,” ಎಂದರು. ಹಿಂದಿರುಗಿಸುವ ಅವಧಿ ಕಳೆಯಿತು. ಖಾಲಿ ರಟ್ಟಿನ ಪೆಟ್ಟಿಗೆ ಅಟ್ಟಕ್ಕೇರಿತು.

ಸ್ಪಷ್ಟವಾಗಿ ನುಡಿಯುವ ಸ್ಪೀಕರನ್ನು ಕೂಗಿಸಬೇಕಾಗಿಲ್ಲ. ವಾರಕ್ಕೆ 40 ಗಂಟೆ ಕೇಳುವವರಿಗೆ 80 ಡೆಸಿಬೆಲ್ ಮಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಗೊತ್ತುಮಾಡಿವೆ. ಗೋಡೆಯಾಚೆಯ ಮನೆಯಲ್ಲಿಯೂ ಮಲಗುವ ಮಕ್ಕಳಿರುತ್ತಾರೆ. ಕೋಣೆ ಸರಿಯಾದ ಮೇಲೂ ಹಿರಿಯರಿಗೆ ಮಾತು ತಿಳಿಯದಿದ್ದರೆ, ದನಿಯೇರಿಸದೆ ವೈದ್ಯರಲ್ಲಿ ಕಿವಿಯನ್ನು ಪರೀಕ್ಷೆ ಮಾಡಿಸುವುದೇ ಲೇಸು.

ಸ್ಪೀಕರು ಕೊಳ್ಳಬೇಕೆಂದಿರುವ ವಾಚಕರು ಅಂಗಡಿಗೆ ಹೋಗುವ ಮುನ್ನ ತಮ್ಮ ಕೋಣೆಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ ನೋಡಲಿ. ಟಿಣ್ಣೆಂಬ ಮರುದನಿ ಬಂದರೆ, ಮೊದಲು ಮನೆಯ ಕೌದಿಯನ್ನು ಹುಡುಕಲಿ. ಪೆಟ್ಟಿಗೆಯ ಬೆಲೆಯನ್ನು ಆಮೇಲೆ ವಿಚಾರಿಸಬಹುದು.