ಫೋರ್ಕ್ ಬದಲಿಸುವ ಮೊದಲು ಅದರ ಎಣ್ಣೆ ನೋಡಿ

ದೀಪಾವಳಿ ಹತ್ತಿರ ಬಂತೆಂದರೆ ಪುಣೆಯ ನಮ್ಮ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೊದಲು ಬರುವ ಪ್ರಶ್ನೆ, ಹುಬ್ಬಳ್ಳಿ ಕಡೆಗೆ ಬಸ್ ಟಿಕೆಟ್ ಸಿಕ್ಕಿತೇ ಎಂಬುದು. ಸಿಗದವರು ಕೇಳುವುದು, ಬೈಕ್ ಮೇಲೆ ಹೋಗಬಹುದೇ ಎಂದು. ಈಚೆಗೆ ಮೂರನೆಯದೊಂದು ಸೇರಿಕೊಂಡಿದೆ: ‘ಕ್ರೂಸರ್ ಬೈಕಿನ ಮುಂದಿನ ಶಾಕಪ್ ಬಹಳ ಕುಣೀತದ, ತೆಗೆದು ಯುಎಸ್‌ಡಿ ಹಾಕಿಸಲೇನು?’

ಬೇಡ ಎನ್ನುವುದು ನನ್ನ ಪಕ್ಷ. ಹಾಗೆಂದು ಇದ್ದದ್ದರಲ್ಲೇ ಸೊಂಟ ಮುರಿದುಕೊಳ್ಳಿ ಎಂದೂ ಹೇಳುತ್ತಿಲ್ಲ. ಸುಧಾರಿಸಬೇಕಾದ್ದು ಫೋರ್ಕ್ ಕೊಳವೆಯ ಒಳಗಿದೆ, ನಾವು ದುಡ್ಡು ಸುರಿಯುತ್ತಿರುವುದು ಹೊರಗೆ.

ಕ್ರೂಸರ್‌ಗೆ ಮುಂದಿನ ಸಸ್ಪೆನ್ಷನ್ ಯಾಕೆ ಇಷ್ಟು ಮುಖ್ಯ ಎಂಬುದನ್ನು ಮೊದಲು ನೋಡೋಣ. ಸಾಮಾನ್ಯ ಬೈಕಿನಲ್ಲಿ ಗುಂಡಿ ಕಂಡರೆ ಫುಟ್‌ರೆಸ್ಟ್ ಮೇಲೆ ಒತ್ತಿ ಅರ್ಧ ಎದ್ದು ನಿಲ್ಲುತ್ತೇವೆ. ಪೆಟ್ಟನ್ನು ಮೊಣಕಾಲು ತಿನ್ನುತ್ತದೆ. ಕ್ರೂಸರ್‌ನಲ್ಲಿ ಕಾಲು ಮುಂದೆ ಚಾಚಿರುತ್ತದೆ, ಏಳಲು ಆಗುವುದಿಲ್ಲ. ಬಂದ ಪೆಟ್ಟೆಲ್ಲ ಸೀಟು, ಬೆನ್ನುಮೂಳೆ ಮತ್ತು ಮಣಿಕಟ್ಟಿಗೆ. ಪುಣೆಯಿಂದ ಹುಬ್ಬಳ್ಳಿಗೆ ಸುಮಾರು 430 ಕಿ.ಮೀ. ಸಾತಾರಾ, ಕರಾಡ್, ಕೊಲ್ಹಾಪುರ ದಾಟುವವರೆಗೆ ಹೆದ್ದಾರಿ ಅಗಲೀಕರಣದ ತಿರುವುಗಳು, ಸರ್ವಿಸ್ ರಸ್ತೆಗಳು, ಮಳೆಗಾಲ ಬಿಟ್ಟುಹೋದ ಗುಂಡಿಗಳು. ಈ ದಾರಿಯ ರುಚಿ ಕಂಡವರಿಗೆ ವಿವರಣೆ ಬೇಕಿಲ್ಲ.

ನನ್ನದು ಮೀಟಿಯೊರ್ 350. ಇದರ ಮುಂದಿನ ಫೋರ್ಕ್ 41 ಮಿ.ಮೀ. ದಪ್ಪ, ಕುಗ್ಗುವ ದೂರ 130 ಮಿ.ಮೀ. ಹಿಂದಿನ ಶಾಕ್‌ಗಳಿಗೆ ಆರು ಹಂತದ ಹೊಂದಾಣಿಕೆ ಇದೆ, ಹೆಂಡತಿ ಕೂತರೆ ಎರಡು ಹಲ್ಲು ಏರಿಸಬಹುದು. ಮುಂದೆ ಏನೂ ಇಲ್ಲ. 55 ಕಿಲೋ ತೂಗುವ ಹುಡುಗನಿಗೂ 88 ಕಿಲೋ ತೂಗುವ ನನಗೂ ಒಂದೇ ಸ್ಪ್ರಿಂಗ್, ಒಂದೇ ಎಣ್ಣೆ. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿದು ಕೊಟ್ಟಂತೆ.

ಒಳಗಿನ ಸಂಗತಿ ಸರಳ. ಭಾರ ಹೊರುವುದು ಸ್ಪ್ರಿಂಗ್. ಆ ಸ್ಪ್ರಿಂಗ್ ಎಷ್ಟು ವೇಗವಾಗಿ ಕುಗ್ಗಬೇಕು, ಎಷ್ಟು ವೇಗವಾಗಿ ವಾಪಸ್ ಬರಬೇಕು ಎಂದು ಹಿಡಿತ ಇಡುವುದು ಎಣ್ಣೆ. ಸಣ್ಣ ತೂತುಗಳ ಮೂಲಕ ಹಾದುಹೋಗುವಾಗ ಅದು ತಡೆ ಒಡ್ಡುತ್ತದೆ. ಇವೆರಡರ ಕೆಲಸ ಬೇರೆ ಬೇರೆ. ಬ್ರೇಕ್ ಹಿಡಿದರೆ ಮುಂಭಾಗ ದಬಕ್ಕನೆ ಕೂರುತ್ತದೆ ಎಂದು ದೂರಿದರೆ ಬಹಳಷ್ಟು ಗ್ಯಾರೇಜುಗಳಲ್ಲಿ ದಪ್ಪ ಎಣ್ಣೆ ಸುರಿದು ಕಳಿಸುತ್ತಾರೆ. ಹದಿನೈದು ದಿನ ಚೆನ್ನಾಗಿಯೇ ಅನಿಸುತ್ತದೆ. ಆಮೇಲೆ ಕಾಂಕ್ರೀಟ್ ರಸ್ತೆಯ ಒಂದೊಂದು ಜೋಡಣೆಯೂ ಅಂಗೈಗೆ ಬಡಿಯತೊಡಗುತ್ತದೆ, ಯಾಕೆಂದರೆ ಚೂಪಾದ ಪೆಟ್ಟು ಬಂದಾಗ ದಪ್ಪ ಎಣ್ಣೆ ಆ ತೂತುಗಳಲ್ಲಿ ಬೇಗ ಹರಿಯುವುದಿಲ್ಲ. ಸ್ಪ್ರಿಂಗ್ ಮಾಡಬೇಕಾದ ಕೆಲಸವನ್ನು ಎಣ್ಣೆಯ ತಲೆಗೆ ಕಟ್ಟಿದರೆ ಆಗುವುದೇ ಹೀಗೆ.

ಹಾಗಾದರೆ ಸ್ಪ್ರಿಂಗ್ ನಿಮಗೆ ಸರಿಯಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಒಂದು ಕೇಬಲ್ ಟೈ, ಒಂದು ಟೇಪು, ಸಹಾಯಕ್ಕೆ ಒಬ್ಬ ಸ್ನೇಹಿತ ಸಾಕು. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಫೋರ್ಕ್ ಪೂರ್ತಿ ಚಾಚಿದಾಗ ಹೊಳೆಯುವ ಕೊಳವೆಯ ಉದ್ದ ಅಳೆಯಿರಿ. ಆಮೇಲೆ ಹೆಲ್ಮೆಟ್, ಜಾಕೆಟ್, ಬ್ಯಾಗು ಸಮೇತ ಕೂತು ಮತ್ತೆ ಅಳೆಯಿರಿ. ವ್ಯತ್ಯಾಸವು ಒಟ್ಟು ಕುಗ್ಗುವ ದೂರದ ಕಾಲು ಭಾಗಕ್ಕಿಂತ ತುಸು ಹೆಚ್ಚಿದ್ದರೆ ಸರಿ, ಅಂದರೆ 130ರಲ್ಲಿ ಸುಮಾರು 33ರಿಂದ 39 ಮಿ.ಮೀ. ನನ್ನದು 50 ಬಂತು. ಗುಂಡಿ ಬರುವ ಮೊದಲೇ ದಾರಿಯ ಖರ್ಚಿನಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಮುಗಿದಿತ್ತು. ಕೇಬಲ್ ಟೈ ಅನ್ನು ಕೊಳವೆಗೆ ಸಡಿಲವಾಗಿ ಸುತ್ತಿ ಒಂದು ದಿನ ಓಡಿಸಿದರೆ ಫೋರ್ಕ್ ಎಲ್ಲಿಯವರೆಗೆ ಇಳಿದಿತ್ತೆಂದು ಅದೇ ಗುರುತು ತೋರಿಸುತ್ತದೆ.

ವಿಜಯಪುರ ಜಿಲ್ಲೆಯಿಂದ ಬಂದು ಇಲ್ಲಿ ಗ್ಯಾರೇಜು ಇಟ್ಟಿರುವ ಮೇಸ್ತ್ರಿ ನನ್ನ ಫೋರ್ಕ್ ಬಿಚ್ಚಿ ಎಣ್ಣೆಯನ್ನು ತಗಡಿನ ಡಬ್ಬಿಗೆ ಬಗ್ಗಿಸಿದರು. ‘ನೋಡ್ರಿ ಸರ, ಗಟಾರದ ನೀರ ಆಗೇತಿ. ಎಂಜಿನ್ ಆಯಿಲ್ ನೆಪ್ಪ ಇರ್ತದ ಎಲ್ಲಾರ್ಗೂ, ಇದನ್ನ ಯಾರೂ ಕೇಳಂಗಿಲ್ಲ’ ಎಂದರು. ಕೋನ್‌ಸೆಟ್ ನೋಡಿ, ಆಯಿಲ್ ಸೀಲ್ ಬದಲಿಸಿ, ಎರಡೂ ಕೊಳವೆಗೆ ಮಟ್ಟ ಅಳೆದು ಹೊಸ ಎಣ್ಣೆ ಹಾಕಿ, ನನ್ನ ತೂಕಕ್ಕೆ ಒಪ್ಪುವ ತುಸು ಗಟ್ಟಿ ಸ್ಪ್ರಿಂಗ್ ಕೂರಿಸಿದರು. ಈಗ ಅಳತೆ 38. ಖಂಬಾಟಕಿ ಘಾಟಿನ ತಿರುವಿನಲ್ಲಿ ಬ್ರೇಕ್ ಮುಟ್ಟಿದರೆ ಹ್ಯಾಂಡಲ್ ಮೊದಲಿನಂತೆ ಕೆಳಗೆ ಓಡುವುದಿಲ್ಲ. ನೋಡುವವರಿಗೆ ಬೈಕಿನಲ್ಲಿ ಏನೂ ಬದಲಾಗಿಲ್ಲ. (ಆಫೀಸಿನ ಗೆಳೆಯರಿಗೆ ಇದರಿಂದ ಸ್ವಲ್ಪ ನಿರಾಶೆಯೇ ಆಯಿತು.)

ಯುಎಸ್‌ಡಿ ಕೆಟ್ಟದ್ದಲ್ಲ. ಅದೇ ಕಂಪನಿಯ ಸೂಪರ್ ಮೀಟಿಯೊರ್ 650ಕ್ಕೆ ಕಾರ್ಖಾನೆಯಿಂದಲೇ ಶೋವಾ ಯುಎಸ್‌ಡಿ ಬರುತ್ತದೆ. ಆದರೆ ಆ ಬೈಕಿನ ಚೌಕಟ್ಟು, ತೂಕ, ಬ್ರೇಕು ಎಲ್ಲ ಅದರ ಜೊತೆಗೇ ಲೆಕ್ಕ ಹಾಕಿದ್ದು. ನಾನಾ ಪೇಠೆಯಲ್ಲೋ ಚೆನ್ನೈನ ಪುದುಪೇಟೆಯಲ್ಲೋ ದಿಲ್ಲಿಯ ಕರೋಲ್ ಬಾಗಿನಲ್ಲೋ ಸಿಗುವ, ಅಪಘಾತವಾದ ಯಾವುದೋ ಸ್ಪೋರ್ಟ್ಸ್ ಬೈಕಿನಿಂದ ಕಳಚಿದ ಫೋರ್ಕ್ ಹಾಗಲ್ಲ. ಅದರ ಉದ್ದ ಕಡಿಮೆಯಿದ್ದರೆ ಮುಂಭಾಗ ತಗ್ಗಿ, ಬೈಕನ್ನು ನೇರ ಓಡಿಸುವ ಗುಣವೇ ಕುಂದುತ್ತದೆ. ಆಮೇಲೆ ಚಕ್ರದ ಅಚ್ಚು, ಡಿಸ್ಕ್, ಎಬಿಎಸ್ ಸೆನ್ಸರ್, ಹ್ಯಾಂಡಲ್ ಲಾಕ್ ಒಂದೊಂದಾಗಿ ಹೊಂದಿಸುತ್ತ ಹೋಗಬೇಕು. ಒಂದು ಗ್ಯಾರೇಜಿನಲ್ಲಿ ನನಗೆ ‘ಎಬಿಎಸ್ ದೀಪ ಉರೀತಾ ಇರ್ತದೆ, ತಲೆ ಕೆಡಿಸ್ಕೋಬೇಡಿ’ ಎಂದು ನಗುತ್ತ ಹೇಳಿದರು. ಆ ನಗು ನೋಡಿಯೇ ಹೊರಟು ಬಂದೆ.

ಇನ್ನು ಕಾನೂನು. ಕಂಪನಿ ನಮೂದಿಸಿದ ವಿವರಕ್ಕೆ ಹೊಂದದಂತೆ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಎನ್ನುತ್ತದೆ. ಕೆಎ ನಂಬರಿನವರ ಮೇಲೆ ಹೊರರಾಜ್ಯದ ಪೊಲೀಸರ ಕಣ್ಣು ಮೊದಲೇ ಬೀಳುತ್ತದೆ ಎಂಬುದು ನಮಗೆಲ್ಲ ಗೊತ್ತಿರುವ ಮಾತು. 12 ತಿಂಗಳು ಮೀರಿ ಇಲ್ಲೇ ಇದ್ದರೆ ಹೊಸ ನೋಂದಣಿಗೆ ಆರ್‌ಟಿಒ ಮುಂದೆ ಬೈಕ್ ನಿಲ್ಲಿಸಬೇಕು. ಅಂಥ ದಿನ ಬೇರೆ ಬೈಕಿನ ಮುಖ ಹೊತ್ತು ನಿಲ್ಲುವುದು ಯಾಕೆ? ಅಪಘಾತವಾದರೆ ವಿಮೆಯವರ ಪ್ರಶ್ನೆ ಬೇರೆ. ಸವೆದ ಎಣ್ಣೆ, ಸೀಲು ಬದಲಿಸುವುದು ದುರಸ್ತಿ. ಸ್ಪ್ರಿಂಗ್ ವಿಷಯದಲ್ಲಿ ನಾನು ಬಿಲ್ಲು ಇಟ್ಟುಕೊಂಡಿದ್ದೇನೆ, ವಿಮಾ ಕಂಪನಿಗೂ ಬರೆದು ತಿಳಿಸಿದ್ದೇನೆ.

ಬೈಕ್ ಕಂಪನಿಗಳಿಂದ ನಾನು ಕೇಳುವುದು ದೊಡ್ಡದೇನಲ್ಲ. ದೂರ ಪ್ರಯಾಣದ ಬೈಕ್ ಎಂದು ಜಾಹೀರಾತು ಕೊಡುವವರು ಹಿಂದಿನಂತೆ ಮುಂದಕ್ಕೂ ಒಂದು ತಿರುಪು ಕೊಡಲಿ. ಅದಾಗದಿದ್ದರೆ ತೂಕಕ್ಕೆ ತಕ್ಕಂತೆ ಮೃದು, ಗಟ್ಟಿ ಎಂದು ಎರಡು ಬಗೆ ಸ್ಪ್ರಿಂಗನ್ನು ಶೋರೂಮಿನಲ್ಲೇ ಇಡಲಿ. ಕ್ರೋಮ್ ಗಾರ್ಡು, ಬ್ಯಾಗು, ಕನ್ನಡಿ ತೋರಿಸುವ ಆ ಗಾಜಿನ ಕಪಾಟಿನಲ್ಲಿ ಒಂದು ಜೊತೆ ಸ್ಪ್ರಿಂಗಿಗೆ ಜಾಗ ಇದ್ದೇ ಇರುತ್ತದೆ.